ಮೊಣಕಾಲಿನ ಪಟ್ಟಿ, ಮುಖದ ಬಣ್ಣ: ಫೈಟಿಂಗ್ ಗೇಮ್‌ಗಳಲ್ಲಿ ಪಂಕ್ ಮತ್ತು ವಿಷುವಲ್ ಕೇ ಉಡುಪು

ಇಯೋರಿ ಯಗಾಮಿಯ ಕೆಂಪು ಪ್ಯಾಂಟಿನ ಎರಡು ಕಾಲುಗಳನ್ನು ಮೊಣಕಾಲಿನ ಮಟ್ಟದಲ್ಲಿ ಒಂದು ಪಟ್ಟಿ ಜೋಡಿಸುತ್ತದೆ. ಎಸ್‌ಎನ್‌ಕೆ ಕಂಪನಿ 1995ರಲ್ಲಿ ಹೊರತಂದ ಕಿಂಗ್ ಆಫ್ ಫೈಟರ್ಸ್ ಎಂಬ ವಿಡಿಯೋ ಗೇಮ್ ಸರಣಿಯ ಎರಡನೆಯ ಆಟದಲ್ಲಿ ಈ ಪಾತ್ರ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅಂದಿನಿಂದ ಈ ಪಟ್ಟಿ ಇಯೋರಿಯ ಗುರುತಾಗಿಯೇ ಉಳಿದಿದೆ. ಓಡಬೇಕಾದ, ಜಿಗಿಯಬೇಕಾದ, ಎದುರಾಳಿಯ ಎದೆಗೆ ಒದೆಯಬೇಕಾದ ಮನುಷ್ಯನೊಬ್ಬ ತನ್ನ ಕಾಲುಗಳನ್ನು ತಾನೇ ಕಟ್ಟಿಕೊಂಡು ಹೊಡೆದಾಟಕ್ಕೆ ಬರುತ್ತಾನೆ ಎನ್ನುವುದನ್ನು ಒಂದು ಕ್ಷಣ ಯೋಚಿಸಿ ನೋಡಿದರೆ, ಪಾತ್ರದ ಉಡುಪನ್ನು ವಿನ್ಯಾಸ ಮಾಡಿದವರು ಎಷ್ಟು ಧೈರ್ಯದ ನಿರ್ಧಾರ ತೆಗೆದುಕೊಂಡಿದ್ದಾರೆಂಬುದು ತಿಳಿಯುತ್ತದೆ. ಪರದೆಯ ಮೇಲೆ ಎರಡು ಪಾತ್ರಗಳು ಎದುರುಬದುರಾಗಿ ಹೊಡೆದಾಡುವ ಫೈಟಿಂಗ್ ಗೇಮ್‌ನಲ್ಲಿ ಒಳ್ಳೆಯ ಉಡುಪು ಪಾತ್ರದ ಜೊತೆಗೆ ತಾನೂ ಹೊಡೆದಾಡುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಪಂಕ್ ಮತ್ತು ಜಪಾನಿನ ವಿಷುವಲ್ ಕೇ ಎಂಬ ಎರಡು ರಾಕ್ ಸಂಗೀತ ಪಂಥಗಳ ಉಡುಪುಗಳು ಈ ಆಟಗಳಿಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಕಾರಣವನ್ನೂ ನಾನು ಅಲ್ಲಿಯೇ ಹುಡುಕುತ್ತೇನೆ.

ಆ ಪಟ್ಟಿಯ ಊರು ಲಂಡನ್. ಅಲ್ಲಿನ ಕಿಂಗ್ಸ್ ರೋಡಿನ 430ನೆಯ ನಂಬರಿನ ಅಂಗಡಿಯನ್ನು ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್‌ಲಾರೆನ್ ನಡೆಸುತ್ತಿದ್ದರು. 1974ರಿಂದ ಸೆಕ್ಸ್ ಎಂಬ ಹೆಸರಿನಲ್ಲಿದ್ದ ಅಂಗಡಿಗೆ 1976ರ ಹೊತ್ತಿಗೆ ಸೆಡಿಷನರೀಸ್ ಎಂಬ ಹೊಸ ಹೆಸರು ಬಂತು. ಎರಡು ಕಾಲುಗಳ ನಡುವೆ ಪಟ್ಟಿ, ಬೇಡದ ಕಡೆಯೆಲ್ಲ ಜಿಪ್, ಹಿಂಬದಿಗೆ ನೇತುಬಿದ್ದ ಒಂದು ತುಂಡು ಬಟ್ಟೆ, ಇವೆಲ್ಲ ಇದ್ದ ಬಾಂಡೇಜ್ ಪ್ಯಾಂಟುಗಳು ಅಲ್ಲಿ ಮಾರಾಟವಾದವು. ಪಂಕ್ ಸಂಗೀತದ ಸೆಕ್ಸ್ ಪಿಸ್ಟಲ್ಸ್ ತಂಡ 1975ರಲ್ಲಿ ಹುಟ್ಟಿದ್ದೂ ಈ ಅಂಗಡಿಯ ಸುತ್ತ ಸೇರುತ್ತಿದ್ದ ಹುಡುಗರಿಂದಲೇ. ಆದರೆ ಪಂಕ್ ಉಡುಪಿನ ನಿಜವಾದ ಬಲ ಅಂಗಡಿಯಲ್ಲಿರಲಿಲ್ಲ. ನಿರುದ್ಯೋಗ ಏರುತ್ತಿದ್ದ ಬ್ರಿಟನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ಹರಿದ ಅಂಗಿಯನ್ನು ಸೇಫ್ಟಿ ಪಿನ್ ಹಾಕಿ ಕೂಡಿಸಿಕೊಂಡರು, ಹಳೆಯ ಚರ್ಮದ ಜಾಕೆಟ್ಟಿಗೆ ತಾವೇ ಮೊಳೆ ಹೊಡೆದು ಬಣ್ಣದಲ್ಲಿ ಹೆಸರು ಬರೆದರು, ನಾಯಿಯ ಕೊರಳಪಟ್ಟಿಯನ್ನು ತಾವು ಕಟ್ಟಿಕೊಂಡರು. ಯಾರು ಬೇಕಾದರೂ, ಒಂದೇ ಸಂಜೆಯಲ್ಲಿ, ಮನೆಯಲ್ಲಿ ಕುಳಿತು ಮಾಡಿಕೊಳ್ಳಬಹುದಾದ ಉಡುಪು ಅದು.

ವಿಷುವಲ್ ಕೇ ಇದಕ್ಕೆ ನಂಟಸ್ತಿಕೆಯುಳ್ಳದ್ದಾದರೂ ಸ್ವಭಾವ ಬೇರೆ. 1982ರಲ್ಲಿ ಯೋಶಿಕಿ ಮತ್ತು ತೋಶಿ ಎಂಬ ಗೆಳೆಯರು ಕಟ್ಟಿದ, ಮುಂದೆ ಎಕ್ಸ್ ಜಪಾನ್ ಎಂದು ಹೆಸರಾದ ತಂಡ ವೇದಿಕೆಗೆ ಬರುತ್ತಿದ್ದ ರೀತಿಯನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ: ಆಕಾಶಕ್ಕೆ ಚುಚ್ಚುವಂತೆ ನೆಟ್ಟಗೆ ನಿಲ್ಲಿಸಿದ ಕೂದಲು, ಬಿಳಿಚಿಸಿದ ಮುಖ, ಕಣ್ಣಿನ ಸುತ್ತ ಕಪ್ಪು, ಚರ್ಮದ ಮೇಲೆ ಲೇಸು, ಗಂಡಸರ ಮೈಮೇಲೆ ಹೆಂಗಸರ ಒಡವೆ. ತಂಡದ ಗಿಟಾರ್ ವಾದಕ ಹಿದೆಯ ಗುಲಾಬಿ ಕೂದಲು ಒಂದಿಡೀ ಪೀಳಿಗೆಯ ಕಣ್ಣಲ್ಲಿ ಕೂತುಬಿಟ್ಟಿತು. 1992ರಲ್ಲಿ ಆರಂಭವಾದ ಮಾಲಿಸ್ ಮಿಜೆರ್ ತಂಡ ಇದನ್ನು ಇನ್ನೂ ಮುಂದಕ್ಕೆ ಒಯ್ದು ಹಳೆಯ ಯೂರೋಪಿನ ಅರಮನೆಯ ಉಡುಪುಗಳನ್ನೇ ವೇದಿಕೆಗೆ ತಂದಿತು. ಅದರ ಗಿಟಾರ್ ವಾದಕ ಮಾನಾ ಹೆಣ್ಣಿನ ವೇಷದಲ್ಲಿ ನಿಲ್ಲುತ್ತಿದ್ದರು, ಸಾರ್ವಜನಿಕವಾಗಿ ಬಾಯಿ ಬಿಟ್ಟು ಮಾತನಾಡುತ್ತಿರಲಿಲ್ಲ, 1999ರಲ್ಲಿ ತಮ್ಮದೇ ಉಡುಪಿನ ಕಂಪನಿಯನ್ನೂ ಸ್ಥಾಪಿಸಿದರು. ಟೋಕಿಯೋದ ಹರಾಜುಕುವಿನ ಜಿಂಗು ಸೇತುವೆಯ ಮೇಲೆ ಭಾನುವಾರಗಳಂದು ಸೇರುತ್ತಿದ್ದ ಅಭಿಮಾನಿಗಳು ತಮ್ಮ ಮೆಚ್ಚಿನ ವಾದಕನಂತೆಯೇ ವೇಷ ಹಾಕಿಕೊಂಡು ಬರುತ್ತಿದ್ದರು. ಈ ವೇಷಕ್ಕೆ ಗಂಟೆಗಟ್ಟಲೆ ಸಮಯ ಬೇಕು, ಕೈಪಳಗಿದವರು ಬೇಕು, ಸಾಕಷ್ಟು ಹಣವೂ ಬೇಕು. ಪಂಕ್ ಉಡುಪು ಹರಿದದ್ದನ್ನು ಹರಿದಂತೆಯೇ ತೋರಿಸುತ್ತದೆ. ವಿಷುವಲ್ ಕೇ ಇಡೀ ಮನುಷ್ಯನನ್ನೇ ಬಣ್ಣ ಬಟ್ಟೆಗಳಿಂದ ಹೊಸದಾಗಿ ಕಟ್ಟುತ್ತದೆ. ಆಟಗಳ ಪಾತ್ರಗಳನ್ನು ನೋಡುವಾಗ ಈ ವ್ಯತ್ಯಾಸವನ್ನು ಮರೆತರೆ ಎಲ್ಲವೂ ಬರೀ ಕಪ್ಪು ಚರ್ಮ ಮತ್ತು ಬೆಲ್ಟುಗಳಾಗಿ ಕಾಣುತ್ತವೆ.

ಇನ್ನು ಆಟದ ಕಡೆಗೆ ಬರೋಣ. 1990ರ ದಶಕದ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಪಾತ್ರವೊಂದರ ಚಿತ್ರಕ್ಕೆ ಸಾಮಾನ್ಯವಾಗಿ ಹದಿನೈದು ಬಣ್ಣಗಳು ಮಾತ್ರ ಸಿಗುತ್ತಿದ್ದವು. ಒಂದು ಜಾಗವನ್ನು ಪಾರದರ್ಶಕತೆಗೆಂದು ಬಿಟ್ಟರೆ ಉಳಿಯುತ್ತಿದ್ದುದು ಅಷ್ಟೇ. ಮುಖ ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಿರುತ್ತಿರಲಿಲ್ಲ. ಎರಡು ಪಾತ್ರಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುವಾಗ ಯಾರ ಕೈ ಯಾರದೆಂದು ಆಟಗಾರನಿಗೆ ಕಣ್ಣು ಮಿಟುಕಿಸುವುದರೊಳಗೆ ತಿಳಿಯಬೇಕು, ಏಕೆಂದರೆ ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ, ಅಂದರೆ 60 ಬಿಡಿ ಚಿತ್ರಗಳಲ್ಲಿ ಓಡುತ್ತವೆ ಮತ್ತು ಅತಿ ವೇಗದ ಏಟು ಮೂರರಿಂದ ಐದು ಫ್ರೇಮ್‌ಗಳಲ್ಲಿ ಬಂದು ತಗಲುತ್ತದೆ. ಹಾಗಾಗಿ ದೇಹದ ಹೊರರೇಖೆ ಎಲ್ಲಕ್ಕಿಂತ ಮುಖ್ಯವಾಯಿತು. ನಮ್ಮ ದಸರಾ ಮೆರವಣಿಗೆಯಲ್ಲಿ ಸಯ್ಯಾಜಿರಾವ್ ರಸ್ತೆಯ ಆಚೆ ಬದಿಯಲ್ಲಿ ನಿಂತವರಿಗೂ ವೀರಗಾಸೆಯವರು ಬಂದರೆಂದು ತಕ್ಷಣ ಗೊತ್ತಾಗುತ್ತದೆ. ಕೆದರಿದ ಬಿಳಿ ಜಟೆ, ಕೆಂಪು ಉಡುಪು, ಸೊಂಟದ ಮೇಲಿನ ವೀರಭದ್ರ, ಕೈಯಲ್ಲಿ ಕತ್ತಿ ಇಷ್ಟೂ ಸೇರಿದ ಆಕೃತಿ ಮುಖ ಕಾಣುವ ಮೊದಲೇ ಕಥೆಯನ್ನು ಹೇಳಿಬಿಡುತ್ತದೆ. ಕುಣಿಯುವವನು ತಿರುಗಿದಾಗ ಜಟೆ ಅವನಿಗಿಂತ ಒಂದು ಕ್ಷಣ ತಡವಾಗಿ ತಿರುಗುತ್ತದೆ, ಮತ್ತು ಆ ತಡವೇ ತಿರುಗುವಿಕೆಯ ರಭಸವನ್ನು ನಮಗೆ ತಿಳಿಸುತ್ತದೆ. ಫೈಟಿಂಗ್ ಗೇಮ್ ಚಿತ್ರಕಾರರಿಗೆ ಬೇಕಾಗಿದ್ದುದೂ ಇದೇ ಗುಣ. ದೂರಕ್ಕೆ ಓದಿಸಿಕೊಳ್ಳುವ ಆಕಾರ, ಮತ್ತು ದೇಹದ ಹಿಂದೆ ತಡವಾಗಿ ಬರುವ ಒಂದು ವಸ್ತು. ತಲೆಯ ನಡುವೆ ಮಾತ್ರ ಸಾಲಾಗಿ ನಿಲ್ಲಿಸಿದ ಮೊಹಾಕ್ ಕೂದಲು, ಸರಪಳಿ, ನೇತಾಡುವ ಬೆಲ್ಟು, ಕೋಟಿನ ಬಾಲ ಎಲ್ಲವೂ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು.

ಇದರಲ್ಲಿ ಆಟಕ್ಕೆ ನೇರವಾಗಿ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಏಟು ಹಾಕಿದ ಮೇಲೆ ಪಾತ್ರ ತನ್ನ ಮೊದಲಿನ ನಿಲುವಿಗೆ ಮರಳಲು ಕೆಲವು ಫ್ರೇಮ್‌ಗಳು ಬೇಕು, ಮತ್ತು ಎದುರಾಳಿ ತಿರುಗಿ ಹೊಡೆಯಬಹುದಾದ ಸಮಯವೂ ಅದೇ. ಕೈ ಹಿಂದಕ್ಕೆ ಬಂದಿದ್ದರೂ ಕೋಟಿನ ಅಂಚು ಇನ್ನೂ ಗಾಳಿಯಲ್ಲಿದ್ದರೆ ಅವನು ಇನ್ನೂ ಸಾವರಿಸಿಕೊಂಡಿಲ್ಲವೆಂದು ಕಣ್ಣು ಬಲ್ಲ ಆಟಗಾರನಿಗೆ ತಿಳಿಯುತ್ತದೆ. ಕೂದಲು ಎಷ್ಟೇ ಎತ್ತರಕ್ಕೆ ನಿಂತಿದ್ದರೂ ಸಾಮಾನ್ಯವಾಗಿ ಏಟು ತಗಲುವ ಹರ್ಟ್‌ಬಾಕ್ಸ್‌ಗೆ ಸೇರುವುದಿಲ್ಲ. ಆದ್ದರಿಂದ ಪಾತ್ರವನ್ನು ದೊಡ್ಡದಾಗಿ ತೋರಿಸುವುದಕ್ಕೆ, ಆಟದ ತೂಕವನ್ನು ಕೆಡಿಸದೆಯೇ, ಕೂದಲು ಒಂದು ದಾರಿ ಮಾಡಿಕೊಟ್ಟಿತು.

ಮೈಸೂರಿನ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಾಣ್ಯ ಹಾಕಿ ಕಿಂಗ್ ಆಫ್ ಫೈಟರ್ಸ್ '97 ಆಡಿದ ನನ್ನ ವಯಸ್ಸಿನವರಿಗೆ ಸರಣಿಯ ನಾಯಕ ಕ್ಯೋ ಮತ್ತು ಇಯೋರಿಯ ಹಗೆತನದ ಕಥೆ ಒಂದಕ್ಷರವೂ ತಿಳಿದಿರಲಿಲ್ಲ. ಪರದೆಯ ಮೇಲಿನ ಜಪಾನೀ ಬರಹವನ್ನು ಓದಬಲ್ಲವರು ಯಾರೂ ಇರಲಿಲ್ಲ. ಆದರೂ ಇಬ್ಬರೂ ಪರಸ್ಪರ ವಿರುದ್ಧ ಧ್ರುವಗಳೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕ್ಯೋ ಧರಿಸಿದ್ದು ಶಾಲೆಯ ಸಮವಸ್ತ್ರದ ಜಾಕೆಟ್, ಬೆನ್ನ ಮೇಲೆ ಸೂರ್ಯನ ಗುರುತು. ಇಯೋರಿಯದು ಸೊಂಟಕ್ಕಿಂತ ಮೇಲೆಯೇ ನಿಂತುಹೋಗುವ ಗಿಡ್ಡ ಜಾಕೆಟ್, ಅದರ ಕೆಳಗೆ ಇಳಿಬಿದ್ದ ಬಿಳಿ ಅಂಗಿ, ಒಂದು ಕಣ್ಣನ್ನು ಪೂರ್ತಿ ಮುಚ್ಚಿದ ಕೆಂಪು ಕೂದಲು, ಬೆನ್ನ ಮೇಲೆ ಅರ್ಧಚಂದ್ರ. ಒಬ್ಬನ ಕೈಯಿಂದ ಚಿಮ್ಮುವ ಬೆಂಕಿ ಕೆಂಪು, ಇನ್ನೊಬ್ಬನದು ನೇರಳೆ. ಇಯೋರಿ ನಿಲ್ಲುವಾಗ ಮೈ ಬಗ್ಗಿಸಿ ಕೈಗಳನ್ನು ಜೋಲು ಬಿಡುತ್ತಾನೆ, ಓಡುವಾಗ ನೆಲಕ್ಕೆ ಮೂತಿ ಹಾಕಿದಂತೆ ಓಡುತ್ತಾನೆ, ಮುಷ್ಟಿ ಕಟ್ಟುವುದಕ್ಕಿಂತ ಉಗುರಿನಿಂದ ಪರಚುವುದೇ ಅವನಿಗೆ ಹೆಚ್ಚು. ಕಾಲಿಗೆ ಪಟ್ಟಿ ಕಟ್ಟಿಕೊಂಡವನು ನೆಟ್ಟಗೆ ನಿಂತು ಅಗಲ ಹೆಜ್ಜೆ ಹಾಕಲಾರ. ಅವನ ಬಾಗಿದ ನಿಲುವೂ ಉಡುಪೂ ಒಂದೇ ಮನಸ್ಸಿನಿಂದ ಬಂದಂತಿವೆ. ಲಂಡನ್ನಿನ ಪ್ಯಾಂಟಿನ ಮೇಲೆ ಜಪಾನಿನ ವೇದಿಕೆಯ ಕೂದಲನ್ನು ಇಟ್ಟ ಈ ಪಾತ್ರದ ಪರಿಚಯದಲ್ಲಿ ಅವನು ಬ್ಯಾಂಡ್ ಒಂದರಲ್ಲಿ ಬೇಸ್ ಗಿಟಾರ್ ನುಡಿಸುವವನೆಂದೂ ಇದೆ. ಸರಣಿಯ ಹನ್ನೆರಡನೆಯ ಮತ್ತು ಹದಿಮೂರನೆಯ ಆಟಗಳಲ್ಲಿ ಇಯೋರಿ ತನ್ನ ಬೆಂಕಿಯನ್ನು ಕಳೆದುಕೊಂಡಾಗ ಉಡುಪೂ ಬದಲಾಯಿತು. ಹದಿಮೂರನೆಯದರಲ್ಲಿ ಬೆಂಕಿಯಿರುವ ಇಯೋರಿಯನ್ನು ಬೇರೆಯಾಗಿ ಕೊಟ್ಟಾಗ ಹಳೆಯ ಉಡುಪೂ ಅವನ ಜೊತೆಗೇ ಮರಳಿತು. ಬಟ್ಟೆಯನ್ನೂ ಶಕ್ತಿಯನ್ನೂ ಒಂದೆಂದು ಕಂಡ ಆ ನಿರ್ಧಾರ ನನಗೆ ತುಂಬ ಹಿಡಿಸಿತು.

ಈ ಪಟ್ಟಿಯನ್ನು ಇನ್ನೂ ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿದ್ದು ಅಕ್ಕನ ಮಗಳಿಂದ. ಅವಳು ಇಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ನಾವೆಲ್ಲ ಕಾವಾ ಎಂದು ಕರೆಯುವ ಸಂಸ್ಥೆಯಲ್ಲಿ ಓದುತ್ತಾಳೆ. ಕಾಲೇಜಿನ ಹಬ್ಬವೊಂದಕ್ಕೆ ಇಯೋರಿಯ ವೇಷ ಹಾಕಬೇಕೆಂದು ಹೊರಟಳು. ಕುವೆಂಪುನಗರದ ನಮ್ಮ ಟೈಲರ್ ಅವಳು ಬರೆದುಕೊಟ್ಟ ಚಿತ್ರವನ್ನು ಬಹಳ ಹೊತ್ತು ನೋಡಿ, "ಏನಮ್ಮ, ಎರಡೂ ಕಾಲು ಕಟ್ಟಾಕ್ಬುಟ್ರೆ ಮೆಟ್ಲು ಹತ್ತೋದು ಹೆಂಗೆ?" ಎಂದರು. "ಹತ್ತೋದಷ್ಟೇ ಅಲ್ಲ ಅಣ್ಣ, ಒದೀಬೇಕು" ಎಂದಳು ಇವಳು. ಅವರು ನಗಲಿಲ್ಲ. ಅವಳನ್ನು ಅಂಗಡಿಯ ಮುಂದಿನ ಜಾಗದಲ್ಲಿ ನಡೆದಾಡಿಸಿ, ಒಂದು ಕಾಲು ಎತ್ತಿಸಿ, ಟೇಪನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಹಿಡಿದು ಅಳತೆ ತೆಗೆದರು. ಆಮೇಲೆ ಅವರು ವಿವರಿಸಿದ್ದು ಯಾವ ವಿನ್ಯಾಸದ ತರಗತಿಯಲ್ಲೂ ನಾನು ಕೇಳದ ಮಾತು. ಪಟ್ಟಿಯನ್ನು ಮೊಣಕಾಲಿನ ಮುಂದೆ ಹೊಲಿದರೆ ಕೂರುವಾಗ ಬಟ್ಟೆ ಎಳೆದು ಒಳಹೊಲಿಗೆ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಕೊಂಚ ಹಿಂದಕ್ಕೆ ಸರಿಸಬೇಕು. ಪಟ್ಟಿ ಕೂರುವ ಜಾಗಕ್ಕೆ ಒಳಗಿನಿಂದ ಕ್ಯಾನ್ವಾಸ್ ತುಂಡು ಕೊಟ್ಟು ಅಡ್ಡಡ್ಡ ಹೊಲಿಗೆ ಹಾಕಬೇಕು. ಒಂದು ತುದಿಯನ್ನು ಹೊಲಿಯದೆ ಲೋಹದ ರಿಂಗಿಗೆ ಹುಕ್ಕು ಹಾಕಿ ಬಿಟ್ಟರೆ ಬೇಕಾದಾಗ ಕಳಚಬಹುದು. ರಿಂಗು ಮತ್ತು ಹುಕ್ಕುಗಳನ್ನು ಸಂತೇಪೇಟೆಯ ಬ್ಯಾಗು ರಿಪೇರಿಯವರ ಹತ್ತಿರ ತಂದದ್ದಾಯಿತು. ಹೊಲಿದು ಮುಗಿದ ಪ್ಯಾಂಟನ್ನು ಅವಳು ತೊಟ್ಟು ನಡೆದಾಗ ಹೆಜ್ಜೆ ತಾನಾಗಿಯೇ ಗಿಡ್ಡದಾಯಿತು, ಭುಜ ಮುಂದಕ್ಕೆ ಬಂತು, ಇಯೋರಿಯ ನಡಿಗೆಯ ಅರ್ಧ ಭಾಗವನ್ನು ಯಾರೂ ಕಲಿಸದೆಯೇ ಪ್ಯಾಂಟು ಅವಳಿಂದ ಮಾಡಿಸಿತು. "ಮಾವ, ಇದು ಬಟ್ಟೆ ಅಲ್ಲ, ಆಕ್ಟಿಂಗ್ ಮೇಷ್ಟ್ರು" ಎಂದಳು.

ಪಂಕ್ ವೇಷಕ್ಕೆ ಆಟಗಳಲ್ಲಿ ಮೊದಲಿನಿಂದಲೂ ಇಂಥ ಗೌರವ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. 1980ರ ದಶಕದ ಬೀದಿ ಹೊಡೆದಾಟದ ಆಟಗಳಲ್ಲಿ ಮೊಹಾಕ್ ಕೂದಲಿನವನು, ಮೊಳೆ ಹೊಡೆದ ಜಾಕೆಟ್ಟಿನವನು ಎಂದರೆ ನಾಯಕ ಬಂದು ಸಾಲುಸಾಲಾಗಿ ಕೆಡವಬೇಕಾದ ಪುಂಡ. ಕ್ಯಾಪ್ಕಾಮ್ ಕಂಪನಿಯ 1989ರ ಫೈನಲ್ ಫೈಟ್ ಆಟದ ಮ್ಯಾಡ್ ಗಿಯರ್ ಗುಂಪಿನಲ್ಲಿ ಗುಲಾಬಿ ಕೂದಲು, ಹರಿದ ಗಿಡ್ಡ ಜೀನ್ಸ್ ಮತ್ತು ಕೈಕೋಳದ ಪಾಯ್ಸನ್ ಇದ್ದಳು. ಅವಳು ಸ್ಟ್ರೀಟ್ ಫೈಟರ್ ಸರಣಿಯಲ್ಲಿ ಆಡಬಹುದಾದ ಪಾತ್ರವಾಗುವುದಕ್ಕೆ 2014ರವರೆಗೆ ಕಾಯಬೇಕಾಯಿತು. 1987ರ ಮೊದಲ ಸ್ಟ್ರೀಟ್ ಫೈಟರ್‌ನ ಇಂಗ್ಲೆಂಡಿನ ಬರ್ಡಿಯೂ ಅಂಥ ಪುಂಡನಾಗಿಯೇ ಬಂದವನು. ಆದರೆ 1995ರ ಸ್ಟ್ರೀಟ್ ಫೈಟರ್ ಆಲ್ಫಾದಲ್ಲಿ ಅವನು ಮರಳಿದಾಗ ಚಿತ್ರಕಾರರು ಅವನ ಸರಪಳಿಗೆ ಕೆಲಸ ಕೊಟ್ಟರು. ಎದುರಾಳಿಯನ್ನು ಸರಪಳಿಯಿಂದ ಸೆಳೆದು ನೆಲಕ್ಕೆ ಬಡಿಯುವುದು ಅವನ ಹೋರಾಟದ ಕ್ರಮವೇ ಆಯಿತು. 2016ರ ಐದನೆಯ ಆಟದಲ್ಲಿ ಹೊಟ್ಟೆ ಬೆಳೆಸಿಕೊಂಡು, ಬಾಳೆಹಣ್ಣಿನ ಸಿಪ್ಪೆಯನ್ನು ಎದುರಾಳಿಯ ಕಾಲ ಕೆಳಗೆ ಎಸೆಯುವ ಬರ್ಡಿಯಲ್ಲಿ ಕೂಡ ಸರಪಳಿ ಉಳಿದೇ ಇದೆ. ಕೈಗೆ ಸಿಕ್ಕಿದ್ದನ್ನು ಬಳಸಿಕೊಳ್ಳುವ ಪಂಕ್ ಮನೋಭಾವ ಆ ಸಿಪ್ಪೆಯಲ್ಲಿಯೂ ಇದೆಯೆಂದು ನನಗೆ ಅನಿಸುತ್ತದೆ.

ಈ ಎರಡೂ ಧಾರೆಗಳನ್ನು ಇಡೀ ಆಟದ ಉಸಿರಾಗಿ ಮಾಡಿಕೊಂಡದ್ದು ಗಿಲ್ಟಿ ಗಿಯರ್. ಆರ್ಕ್ ಸಿಸ್ಟಂ ವರ್ಕ್ಸ್ ಕಂಪನಿಯಲ್ಲಿದ್ದ ದೈಸುಕೆ ಇಶಿವತಾರಿ 1998ರಲ್ಲಿ ಪ್ಲೇಸ್ಟೇಷನ್‌ಗೆ ಮಾಡಿದ ಈ ಆಟದ ಪಾತ್ರಗಳನ್ನು ತಾವೇ ಬರೆದರು, ಸಂಗೀತವನ್ನು ತಾವೇ ಸಂಯೋಜಿಸಿದರು, ನಾಯಕ ಸೋಲ್ ಬ್ಯಾಡ್‌ಗೈಗೆ ದನಿಯನ್ನೂ ತಾವೇ ಕೊಟ್ಟರು. ಪಾತ್ರಗಳ ಹೆಸರುಗಳಲ್ಲೆಲ್ಲ ರಾಕ್ ಮತ್ತು ಮೆಟಲ್ ಸಂಗೀತದ ನೆನಪುಗಳಿವೆ: ಸೋಲ್‌ನ ಹೆಸರಿನ ಹಿಂದೆ ಫ್ರೆಡ್ಡಿ ಮರ್ಕ್ಯುರಿ, ಆಕ್ಸೆಲ್ ಲೋ ಹಿಂದೆ ಆಕ್ಸೆಲ್ ರೋಸ್, ಕೈ ಕಿಸ್ಕೆಯ ಹಿಂದೆ ಹೆಲೋವೀನ್ ತಂಡದ ಕೈ ಹಾನ್ಸೆನ್ ಮತ್ತು ಮಿಖಾಯೆಲ್ ಕಿಸ್ಕೆ. ಸೋಲ್‌ನ ಹಣೆಪಟ್ಟಿಯ ಮೇಲೆ ರಾಕ್ ಯೂ ಎಂದು, ಬೆಲ್ಟಿನ ಬಕಲ್ ಮೇಲೆ ಫ್ರೀ ಎಂದು ಬರೆದಿರುತ್ತದೆ. ಈ ಹೆಸರುಗಳನ್ನು ಪತ್ತೆ ಮಾಡುವುದರಲ್ಲಿ ಸುಖವಿದೆ, ಆದರೆ ಅದಕ್ಕಿಂತ ಹೆಚ್ಚಿನ ಸಾಧನೆ ಇರುವುದು ಉಡುಪು ಮತ್ತು ಆಟದ ನಡುವಿನ ಗಡಿಯನ್ನು ಅಳಿಸಿಹಾಕಿದ್ದರಲ್ಲಿ. ಆಕ್ಸೆಲ್ ಸರಪಳಿಯ ತುದಿಯ ಕುಡುಗೋಲುಗಳಿಂದ ಪರದೆಯ ಇನ್ನೊಂದು ಬದಿಯವರೆಗೂ ಹೊಡೆಯುತ್ತಾನೆ. ಈನೋ ಕೆಂಪು ಚರ್ಮದ ಉಡುಪಿನಲ್ಲಿ, ಮಾಟಗಾತಿಯ ದೊಡ್ಡ ಟೋಪಿ ಹಾಕಿಕೊಂಡು, ಎಲೆಕ್ಟ್ರಿಕ್ ಗಿಟಾರನ್ನೇ ಆಯುಧ ಮಾಡಿಕೊಂಡಿದ್ದಾಳೆ. ಅವಳು ಮುಂದಕ್ಕೆ ನುಗ್ಗುವಾಗ ನೆಲ ಬಿಟ್ಟು ತೇಲುತ್ತಾಳೆ. ಮಿಲಿಯಾ ರೇಜ್‌ಳ ಉದ್ದನೆಯ ಹೊಂಬಣ್ಣದ ಕೂದಲು ಕತ್ತಿಯಾಗುತ್ತದೆ, ಚಕ್ರವಾಗುತ್ತದೆ, ಸೂಜಿಯಾಗುತ್ತದೆ. ವಿಷುವಲ್ ಕೇ ವಾದಕರು ಗಂಟೆಗಟ್ಟಲೆ ಸ್ಪ್ರೇ ಹೊಡೆದು ನಿಲ್ಲಿಸುತ್ತಿದ್ದ ಕೂದಲು ಕೊನೆಗೂ ತನ್ನ ಶಕ್ತಿಯನ್ನು ತೋರಿಸಿದ್ದು ಇವಳ ತಲೆಯ ಮೇಲೆ ಎನ್ನಬಹುದು.

ತಂತ್ರದ ಮಾತು ಬಂದಾಗ 2014ರ ಗಿಲ್ಟಿ ಗಿಯರ್ ಎಕ್ಸರ್ಡ್ ಅನ್ನು ಬಿಟ್ಟು ಮುಂದೆ ಹೋಗಲಾಗದು. ಕೈಯಲ್ಲಿ ಬರೆದ ಚಿತ್ರದಂತೆ ಕಾಣುವ ಈ ಆಟ ವಾಸ್ತವವಾಗಿ ಮೂರು ಆಯಾಮದ ಮಾದರಿಗಳದ್ದು. ಸಾಮಾನ್ಯವಾಗಿ ಎರಡು ಭಂಗಿಗಳ ನಡುವಿನ ಚಲನೆಯನ್ನು ಕಂಪ್ಯೂಟರ್ ತುಂಬುತ್ತದೆ, ಆದರೆ ಇಲ್ಲಿ ಅದನ್ನು ನಿಲ್ಲಿಸಿ ಪ್ರತಿ ಭಂಗಿಯನ್ನೂ ಕೈಯಾರೆ ಕೂರಿಸಿದರು. ನೆರಳು ಬೀಳುವ ಜಾಗವನ್ನೂ ಚಿತ್ರಕಾರನ ಕಣ್ಣಿಗೆ ಒಪ್ಪುವಂತೆ ತಿದ್ದಿದರು. ಹಾಗೆ ಮಾಡಿದ್ದರಿಂದ ಬೆಲ್ಟಿನ ತುದಿ ಯಾವ ಕ್ಷಣದಲ್ಲಿ ಎಲ್ಲಿರಬೇಕು ಎಂಬುದು ಭೌತಶಾಸ್ತ್ರಕ್ಕೆ ಬಿಟ್ಟ ವಿಷಯವಾಗದೆ ಚಿತ್ರಕಾರನ ತೀರ್ಮಾನವಾಗಿ ಉಳಿಯಿತು.

ಈಗ ಬರುತ್ತಿರುವ ಕೆಲವು ಆಟಗಳ ಪಾತ್ರಗಳನ್ನು ಕಂಡಾಗ ನನಗೆ ಬೇಸರವಾಗುವುದು ಇದೇ ಕಾರಣಕ್ಕೆ. ಚಿತ್ರದ ಸೂಕ್ಷ್ಮತೆಗೆ ಯಂತ್ರದ ಮಿತಿ ಇಲ್ಲವಾದ ಮೇಲೆ ತೋಳಿಗೊಂದು ಬೆಲ್ಟು, ತೊಡೆಗೆರಡು ಬೆಲ್ಟು, ಎಲ್ಲಿಯೂ ತೆರೆಯದ ಜಿಪ್ಪು, ಯಾವುದನ್ನೂ ಹಿಡಿದು ನಿಲ್ಲಿಸದ ಬಕಲ್ಲು ಎಂದು ಪೇರಿಸುತ್ತಾ ಹೋಗುತ್ತಾರೆ. ಪಂಕ್ ಹುಡುಗನ ಸೇಫ್ಟಿ ಪಿನ್ ನಿಜವಾಗಿಯೂ ಒಂದು ಹರುಕನ್ನು ಕೂಡಿಸಿತ್ತು. ಹರುಕೇ ಇಲ್ಲದ ಕಡೆ ಪಿನ್ ಹಾಕಿದರೆ ಪಾತ್ರದ ಬದುಕಿನಲ್ಲಿ ಏನು ನಡೆಯಿತೆಂಬುದು ನೋಡುವವನಿಗೆ ತಿಳಿಯುವುದಿಲ್ಲ, ಮತ್ತು ಚಲಿಸುವಾಗ ಆ ಬೆಲ್ಟುಗಳು ದೇಹಕ್ಕೆ ಅಂಟಿದ ಚಿತ್ರದಂತೆ ಸುಮ್ಮನಿರುತ್ತವೆ.

ವಿಷುವಲ್ ಕೇ ಗಂಡು ಹೆಣ್ಣಿನ ವೇಷಗಳ ನಡುವಿನ ಗೆರೆಯನ್ನು ದಾಟಿದ್ದು ಆಟಗಳಿಗೆ ತಲುಪಲು ಹೆಚ್ಚು ಕಾಲ ಹಿಡಿಯಿತು. 1998ರ ಮೊದಲ ಗಿಲ್ಟಿ ಗಿಯರ್‌ನಲ್ಲೇ ಇದ್ದ ಟೆಸ್ಟಮೆಂಟ್ ಎಂಬ ಪಾತ್ರ, ಉದ್ದನೆಯ ಕಪ್ಪು ಕೂದಲು, ದೊಡ್ಡ ಕುಡುಗೋಲು, ಜೊತೆಗೊಂದು ಕಾಗೆಯೊಂದಿಗೆ, 2021ರ ಗಿಲ್ಟಿ ಗಿಯರ್ ಸ್ಟ್ರೈವ್‌ಗೆ ಮರುವರ್ಷ ಸೇರಿದಾಗ ಗಂಡು ಅಥವಾ ಹೆಣ್ಣು ಎಂಬ ವಿಂಗಡಣೆಗೆ ಒಳಪಡದ ಪಾತ್ರವಾಗಿ ಬಂತು. ಹಳೆಯ ಟೆಸ್ಟಮೆಂಟ್‌ನಲ್ಲಿದ್ದ ನೋವು ಮತ್ತು ಕ್ರೋಧ ಕರಗಿ, ಸಮಾಧಾನದ, ಸಭ್ಯವಾದ ಒಂದು ಠೀವಿ ಬಂದಿದೆ. ಮಾನಾ ವೇದಿಕೆಯ ಮೇಲೆ ಮೌನವಾಗಿ ನಿಂತು ಸಾಧಿಸಿದ್ದನ್ನು ಈ ಪಾತ್ರ ಹೊಡೆದಾಟದ ನಡುವೆ ಸಾಧಿಸುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಪ್ರೌಢ ವಿನ್ಯಾಸ ಇದೇ.

ಆದರೂ ವಿಷುವಲ್ ಕೇ ಪರಂಪರೆಯ ಅರ್ಧವನ್ನು ಮಾತ್ರ ಆಟಗಳು ತೆಗೆದುಕೊಂಡಿವೆ. ಕೂದಲು ಬಂತು, ಕೋಟು ಬಂತು, ಮುಖದ ಬಣ್ಣ ಬರಲಿಲ್ಲ. ಹಳೆಯ ಯಂತ್ರಗಳಲ್ಲಿ ಮುಖವೇ ಕಾಣುತ್ತಿರಲಿಲ್ಲವಾದ್ದರಿಂದ ಅದು ಸಹಜವಾಗಿತ್ತು. ಈಗ ಕ್ಯಾಮೆರಾ ದೊಡ್ಡ ಏಟುಗಳ ವೇಳೆ ಮುಖದ ಹತ್ತಿರಕ್ಕೆ ಹೋಗುತ್ತದೆ, 2023ರ ಸ್ಟ್ರೀಟ್ ಫೈಟರ್ 6ರಲ್ಲಿ ಪಂದ್ಯಕ್ಕೆ ಮೊದಲು ಇಬ್ಬರೂ ಮುಖಾಮುಖಿಯಾಗಿ ನಡೆದು ಬರುವುದನ್ನು ಕಣ್ಣಿನ ರೆಪ್ಪೆಯವರೆಗೂ ನೋಡಬಹುದು. ಬೆವರಿಗೆ ಕರಗುವ ಕಾಡಿಗೆ, ಏಟಿಗೆ ಒರೆಸಿಹೋಗುವ ತುಟಿಯ ಬಣ್ಣ, ಇವು ಪಾತ್ರದ ಉಳಿದ ಬಲವನ್ನು ಪರದೆಯ ಮೇಲೆ ಅದನ್ನು ಅಳೆದು ತೋರಿಸುವ ಪಟ್ಟಿಗಿಂತ ಚೆನ್ನಾಗಿ ಹೇಳಬಲ್ಲವು.

ಅಕ್ಕನ ಮಗಳು ತನ್ನ ಕಾಲೇಜಿನ ಕೆಲಸಕ್ಕೆಂದು ಈಗ ಬರೆಯುತ್ತಿರುವುದು ಅಂಥದೇ ಒಂದು ಪಾತ್ರವನ್ನು. ಬೆಳ್ಳಗೆ ಬಳಿದ ಮುಖ, ಒಂದು ಕಣ್ಣಿಂದ ಕೆನ್ನೆಯವರೆಗೆ ಇಳಿದ ನೀಲಿ ಗೆರೆ, ಮಾತೇ ಆಡದ ಹುಡುಗಿ. ಮೊದಲ ಸುತ್ತಿನಲ್ಲಿ ಬಣ್ಣ ಪೂರ್ತಿಯಿರುತ್ತದೆ, ಎರಡನೆಯದರಲ್ಲಿ ಬಿರುಕು ಬಿಡುತ್ತದೆ, ಮೂರನೆಯದರಲ್ಲಿ ಚರ್ಮ ಕಾಣತೊಡಗುತ್ತದೆ. ಕೊನೆಯ ಏಟಿನ ಹೊತ್ತಿಗೆ ಬರಿಯ ಮುಖವನ್ನು ತೋರಿಸಬೇಕೆಂಬುದು ಅವಳ ಹಟ, ಏಕೆಂದರೆ ಅಲ್ಲಿಯವರೆಗೆ ಅಡಗಿದ್ದ ಹುಡುಗಿಯನ್ನು ಆಟಗಾರ ಒಮ್ಮೆಯಾದರೂ ನೋಡಬೇಕಂತೆ. ನಾನು ಒಪ್ಪಿಲ್ಲ. ವಿಷುವಲ್ ಕೇ ವೇದಿಕೆಯ ಮೇಲೆ ಬಣ್ಣ ಹಚ್ಚಿದ ಮುಖವೇ ಆ ಮನುಷ್ಯನ ನಿಜವಾದ ಮುಖ, ಅದರ ಕೆಳಗೆ ಇನ್ನೊಂದು ಹೆಚ್ಚು ನಿಜವಾದ ಮುಖವಿದೆ ಎಂದು ತೋರಿಸಿದ ಕೂಡಲೇ ವೇಷವನ್ನು ಬರೀ ಮುಸುಕೆಂದು ಒಪ್ಪಿಕೊಂಡಂತಾಗುತ್ತದೆ. ಗೆದ್ದ ಮೇಲೆ ಆ ಪಾತ್ರದ ಹುಡುಗಿ ಅಲ್ಲಿಯೇ ನಿಂತು, ಬೆರಳಿನಿಂದ ಆ ನೀಲಿ ಗೆರೆಯನ್ನು ಮತ್ತೆ ಎಳೆದುಕೊಳ್ಳಲಿ ಎಂದು ಹೇಳಿದ್ದೇನೆ. ಅಕ್ಕನ ಮಗಳು ಎರಡನ್ನೂ ಬರೆದು ನೋಡುತ್ತೇನೆ ಎಂದಿದ್ದಾಳೆ.